ಹಲ್ಲು ಬದಲಿಸಿದ ಶೆವರ್ಲೆ

"ಆ ತಾಟು ಎಳಿಬ್ಯಾಡ್ರಿ ಬಾಯಾರ, ಒಳಗ ಬೆಕ್ಕು ಮರಿ ಹಾಕೈತಿ!"

ತುಕಾರಾಮ ಕೂಗುವಷ್ಟರಲ್ಲಿ ಅನುರಾಧಾ ಗೋಣಿತಾಟನ್ನು ಎಳೆದಾಗಿತ್ತು. ಬೆಕ್ಕು ಮರಿ ಕಟ್ಟಿಕೊಂಡು ಹೋಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಅದರ ನಾತ, ಕೊಳೆತ ಆಯಿಲಿನ ನಾತ, ಒಣಗಿದ ಇಲಿಯ ಬಾಲ. ಆಕೆ ಓಢಣಿಯಿಂದ ಮೂಗು ಮುಚ್ಚಿಕೊಂಡು ಬಗ್ಗಿದಳು.

ಜಮಖಂಡಿಯ ಈ ಗುಜರಿ ಅಂಗಡಿಯಲ್ಲಿ ಮುಟ್ಟಿದ್ದೆಲ್ಲ ಅಂಟುತ್ತಿತ್ತು. ತುಕಾರಾಮ ಬಾಯಿತುಂಬ ಗುಟಕಾ ಇಟ್ಟುಕೊಂಡೇ ಮಾತಾಡುತ್ತಿದ್ದ. ಮಾತು ಮುಗಿದಾಗೊಮ್ಮೆ ಯಾವುದಾದರೊಂದು ಗಾಡಿಯ ಬಾಗಿಲ ಮೇಲೆ ಪಿಚಕ್ಕನೆ ಉಗಿಯುತ್ತಿದ್ದ. ಅಂಗಡಿಯ ಅರ್ಧ ಕಬ್ಬಿಣಕ್ಕೆ ಅದೇ ಬಣ್ಣ ಬಂದಿತ್ತು.

ಅನುರಾಧಾ ಬಿದರಿಗೆ ಹಳೇ ಗಾಡಿಗಳು ಹೊಸವಲ್ಲ. ವಿಮೆಯವರ ಪರವಾಗಿ ಜಜ್ಜಿದ ಗಾಡಿಗಳನ್ನು ತಪಾಸಣೆ ಮಾಡಿ ಮಾಡಿ, ಮನುಷ್ಯರು ಹೇಳುವ ಸುಳ್ಳಿಗೆ ಬೇಸತ್ತು, ಜಮಖಂಡಿಯ ಕೋರ್ಟಿನ ಎದುರಿಗೆ ತನ್ನದೇ ಪತ್ತೇದಾರಿ ಆಫೀಸು ತೆರೆದವಳು. ಅಲ್ಲಿಗೆ ಬಂದು ಸುಳ್ಳು ಕಡಿಮೆಯಾಗಿರಲಿಲ್ಲ. ಅದರ ಅಂಗಿ ಮಾತ್ರ ಬಿಳಿಯದಾಗಿತ್ತು.

ಮುಧೋಳದ ಅಪ್ಪಾಸಾಬ ದೇಸಾಯಿ ಆಕೆಗೆ ಕೊಟ್ಟ ಕೆಲಸ ಕೇಳಲು ಸರಳ. ತೀರಿಹೋದ ತನ್ನಪ್ಪ ಹಿರೇ ದೇಸಾಯಿಯ ಶೆವರ್ಲೆ ಕಾರಿಗೆ ಇಲ್ಲದ ಬಿಡಿಭಾಗಗಳನ್ನು ಹುಡುಕಬೇಕು. ಆ ಕಾರು ಸಾವಿರದ ಒಂಬೈನೂರ ನಲವತ್ತೇಳರ ಮಾಡೆಲ್ಲು ಎಂದು ಬರೆದುಕೊಡಬೇಕು. ಆದರೆ ಹೋದ ವಾರ ಗಾಡಿಯ ಕರಿಬಣ್ಣದ ಕೆಳಗೆ ಹಸಿರು ಬಣ್ಣ ಇಣುಕಿದ್ದನ್ನು ಕಂಡಾಗಿನಿಂದ ಆಕೆಯ ಮನಸ್ಸು ನೆಟ್ಟಗಿರಲಿಲ್ಲ.

ತಾಟಿನ ಕೆಳಗಿದ್ದದ್ದು ಒಂದು ಗ್ರಿಲ್ಲು. ಕಾರಿನ ಮೂತಿಗೆ ಕೂಡಿಸುವ ಬೆಳ್ಳಿಬಣ್ಣದ ಅಡ್ಡಪಟ್ಟಿಗಳು. ಗುಜರಿಯವರು ಅದನ್ನು ಗಾಡಿಯ ಹಲ್ಲು ಅನ್ನುತ್ತಾರೆ. ಅಡ್ಡಪಟ್ಟಿಗಳ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಒಂದು ಉದ್ದಪಟ್ಟಿ, ಮುಖಕ್ಕೆ ಮೂಗಿದ್ದ ಹಾಗೆ.

ಆಕೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಇದು ಎಲ್ಲಿಂದ ಬಂತು?"

"ಮುಧೋಳದಿಂದ. ಹಿರೇ ದೇಸಾಯರ ಡ್ರೈವರ ನಮ್ಮಪ್ಪಗ ತಂದು ಒಗದಿದ್ದ. ಗಲಗಲಿ ಮುತ್ತಣ್ಣ ಅಂತ. ಸತ್ತು ಭಾಳ ದಿನಾತು."

"ಇದೊಂದಽ ತಂದಿದ್ನೇನು?"

"ಇಲ್ರಿ. ಜಜ್ಜಿದ ಗಾಡಿ ಒಂದ ತಂದಿದ್ದ, ದೇಸಾಯರದಽ. ಕಾಲವ್ಯಾಗ ಮಕಾಡೆ ಬಿದ್ದು ಟಪ್ಪು ಚಪ್ಪಟ್ಯಾಗಿತ್ತು. ಅದಕ್ಕ ಹಲ್ಲಽ ಇರಲಿಲ್ಲ. ಹಲ್ಲು ಬ್ಯಾರೆ ಚೀಲದಾಗ ಬಂದ್ವು." ತುಕಾರಾಮ ಉಗಿದ. "ನಮ್ಮಪ್ಪ ಕೂಡಿಸಿ ನೋಡಿದ್ನಂತ, ಕೂಡಲಿಲ್ಲ. ಹಲ್ಲು ಬ್ಯಾರೆ ಬಾಯಿವು ಅಂತ ನಗತಿದ್ದ."

ಅನುರಾಧಾ ಪಟ್ಟಿಯ ಬುಡವನ್ನು ಉಜ್ಜಿದಳು. ಬೋಲ್ಟು ಕೂರುವ ಕಿವಿಯ ಸಂದಿಯಲ್ಲಿ ಹಸಿರು ಬಣ್ಣದ ಚೂರೊಂದು ಅಂಟಿಕೊಂಡಿತ್ತು.

ನಡುವೆ ಮೂಗಿನಂಥ ಪಟ್ಟಿ ಬಂದದ್ದು ನಲವತ್ತೆಂಟರ ಶೆವರ್ಲೆಗೆ. ನಲವತ್ತೇಳರದ್ದಕ್ಕೆ ಬರೀ ಅಡ್ಡಪಟ್ಟಿ. ಅಂದರೆ ದೇಸಾಯರ ಸ್ವಂತ ಗಾಡಿ ಕಾಲುವೆಗೆ ಬಿದ್ದು ಈ ಅಂಗಡಿಗೆ ಗುಜರಿಯಾಗಿ ಬಂದಿತ್ತು, ಹಲ್ಲು ಕೀಳಿಸಿಕೊಂಡು. ಆ ಹಲ್ಲು ಈಗ ಅಪ್ಪಾಸಾಬ ತೋರಿಸಿದ ಇನ್ನೊಂದು ಗಾಡಿಯ ಬಾಯಲ್ಲಿತ್ತು. ಆ ಇನ್ನೊಂದು ಗಾಡಿಯ ಹಲ್ಲು ಇಲ್ಲಿ, ಬೆಕ್ಕಿನ ಮೂತ್ರದಲ್ಲಿ.

"ತುಕಾರಾಮ, ನಲವತ್ತೆಂಟರ ಶೆವರ್ಲೆ ಈ ಸೀಮ್ಯಾಗ ಯಾರಲ್ಲಿತ್ತು?"

ಅವನು ಹಲ್ಲು ಕಿರಿದ. "ಎಲ್ಲಾರಿಗೂ ಗೊತ್ತಿದ್ದದ್ದಽ. ರಬಕವಿ ಸೀರಿ ಸಾವಕಾರ ಗುರುಸಿದ್ದಪ್ಪಂದು, ಹಸರ ಗಾಡಿ. ನಾಟಕದ ಹೆಂಗಸಿನ್ನ ಬಾಜೂಕ ಕುಂದರಿಸಿಕೊಂಡು ಓಡಿಹೋದ್ನಲ್ಲ! ಹೋಗೂ ಮುಂದ ಆಕಿ ತೊಡಿ ಮ್ಯಾಲ..."

"ಸಾಕು."

"ನಾ ನೋಡಿಲ್ರಿ, ಮಂದಿ ಅಂತಾರ."

ಮಂದಿ. ಗುರುಸಿದ್ದಪ್ಪ ಕಾಣೆಯಾಗಿ ಐವತ್ತು ವರ್ಷ ಕಳೆದಿತ್ತು. ಆಗ ಇವನು ಹುಟ್ಟಿರಲೂ ಇಲ್ಲ. ಆದರೂ ಆ ಕಥೆಯನ್ನು ನಿನ್ನೆ ಕಿಟಕಿಯಲ್ಲಿ ನಿಂತು ನೋಡಿದವನಂತೆ ಚಪ್ಪರಿಸುತ್ತಿದ್ದ. ಗುಟಕಾದ ಜತೆಗೇ ಅದೂ ಅವನ ದವಡೆಯಲ್ಲಿತ್ತು.

ಆಕೆ ಗ್ರಿಲ್ಲನ್ನು ತಾಟಿನಲ್ಲಿ ಸುತ್ತಿ ತನ್ನ ಕಾರಿನ ಡಿಕ್ಕಿಗೆ ಹಾಕಿದಳು. ಕೈ ತೊಳೆಯಲು ನೀರು ಕೇಳಲಿಲ್ಲ. ಅವನ ಕೊಡದ ನೀರನ್ನೂ ಮುಟ್ಟುವ ಮನಸ್ಸಾಗಲಿಲ್ಲ.

ಮುಧೋಳದ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ತೂಗಾಡುತ್ತ ಹೊರಟಿದ್ದವು. ಊರು ಹತ್ತಿರವಾದಂತೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿನಾತ ಗಾಡಿಯೊಳಗೆ ನುಗ್ಗಿತು. ಊರ ಬಾಗಿಲಲ್ಲೇ ಅಪ್ಪಾಸಾಬನ ದೊಡ್ಡ ಬ್ಯಾನರು. ಕೈಮುಗಿದ ಅಪ್ಪಾಸಾಬ, ಹಿಂದೆ ಹೂವಿನ ಹಾರ ಹಾಕಿಕೊಂಡ ಶೆವರ್ಲೆ. ಕೆಳಗೆ ಬರೆದಿತ್ತು: 'ಸ್ವಾತಂತ್ರ್ಯ ಬಂದ ದಿನ ಮುಧೋಳದ ಬೀದಿಯಲ್ಲಿ ತಿರಂಗಾ ಹೊತ್ತು ಓಡಿದ ಗಾಡಿ. ಅದೇ ಮನೆತನ, ಅದೇ ಸೇವೆ.'

ಕಾರ್ಖಾನೆಯ ಆಡಳಿತ ಮಂಡಳಿಯ ಚುನಾವಣೆ ಹತ್ತಿರ ಬಂದಿತ್ತು.

ವಾಡೆಯ ಅಂಗಳದಲ್ಲಿ ಗಾಡಿ ನಿಂತಿತ್ತು. ಪಕ್ಕದಲ್ಲಿ ಕಟ್ಟಿಹಾಕಿದ್ದ ಎರಡು ಬೇಟೆನಾಯಿಗಳಿಗೆ ಅಪ್ಪಾಸಾಬ ಕೈಯಾರೆ ಪೇಢೆ ತಿನ್ನಿಸುತ್ತಿದ್ದ. ಸಕ್ಕರೆ ತಿಂದು ತಿಂದು ಅವುಗಳ ಕಣ್ಣು ಪಿಚ್ಚುಗಟ್ಟಿದ್ದವು. ಗಾಳಿಯ ಹಾಗೆ ಓಡಬೇಕಾದ ಪ್ರಾಣಿಗಳ ಹೊಟ್ಟೆ ಜೋತುಬಿದ್ದಿತ್ತು.

"ಬರ್ರಿ ಮೇಡಮ್ಮಾರ! ಸರ್ಟಿಫಿಕೇಟ್ ತಂದಿರೇನು?"

"ಬಾನೆಟ್ ತಗೀರಿ," ಎಂದಳು ಅನುರಾಧಾ.

ಎಂಜಿನ್ನಿನ ಮೈಗೆ ದಪ್ಪ ಬಣ್ಣ ಬಳಿದಿದ್ದರು. ಆಕೆ ಚೂರಿಯಿಂದ ಕೆರೆದಳು. ಎರಕ ಹೊಯ್ದಾಗಲೇ ಮೂಡಿದ ಉಬ್ಬಕ್ಷರ ಕಾಣಿಸಿಕೊಂಡವು. ಮೊದಲ ಅಕ್ಷರ ತಿಂಗಳಿಗೆ, ನಡುವಿನ ಅಂಕಿ ದಿನಕ್ಕೆ, ಕೊನೆಯದು ವರ್ಷಕ್ಕೆ. ಕೊನೆಯದು ಎಂಟು. ಫೋಟೋ ತೆಗೆದು ಕೊಲ್ಹಾಪುರದ ಹಳೇಗಾಡಿ ಸಂಗ್ರಾಹಕರೊಬ್ಬರಿಗೆ ಕಳಿಸಿದಳು. ಅವರ ಉತ್ತರ ಕೂಡಲೇ ಬಂತು: 'ನಲವತ್ತೆಂಟು. ಸಂಶಯವಿಲ್ಲ.'

"ದೇಸಾಯರ, ಈ ಎಂಜಿನ್ ಸ್ವಾತಂತ್ರ್ಯ ಬಂದಾಗ ಎರಕಾನಽ ಆಗಿರಲಿಲ್ಲ."

"ಎಂಜಿನ್ ಬದಲಾಗಿರಬೇಕು. ಹಳೇ ಗಾಡಿ ಅಂದ್ರ ಅದಽ ಹಣೇಬರಾ."

"ಬಾಗಲದ ಕಂಬಕ್ಕ ನಂಬರಿನ ತಗಡು ಐತಿ ನೋಡ್ರಿ. ಗಾಡಿ ಕಾರ್ಖಾನಿಯವರು ರಿವೀಟ್ ಬಡೀತಾರ. ಇದಕ್ಕ ಸ್ಕ್ರೂ ಐತಿ. ಬ್ಯಾರೆ ಗಾಡೀದು ಬಿಚ್ಚಿ ತಂದು ಕೂಡಿಸ್ಯಾರ."

"ಸಡಲಾಗಿದ್ದೀತು."

ಆಕೆ ಪರ್ಸಿನಿಂದ ಸಣ್ಣ ಆಯಸ್ಕಾಂತ ತೆಗೆದು ಗಾಡಿಯ ಮೂತಿಯ ಕೆಳಗೆ ಸರಿಸುತ್ತ ಹೋದಳು. ಟಕ್ಕನೆ ಕಚ್ಚಿಕೊಂಡು ಹೋದದ್ದು ನಡುಮಧ್ಯೆ ಬಂದಾಗ ಜಾರಿ ಕೈಗೆ ಬಿತ್ತು. ಅಲ್ಲಿ ಕಬ್ಬಿಣವಿರಲಿಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ ಇತ್ತು. ಚೂರಿಯ ತುದಿಯಿಂದ ಎಬ್ಬಿದಳು. ಒಣಗಿದ ಪುಟ್ಟಿ ಹಕ್ಕಳೆಯಂತೆ ಕಿತ್ತುಬಂದು ಎರಡು ಬೋಲ್ಟಿನ ತೂತು ಬಾಯಿ ಬಿಟ್ಟವು. ತೂತಿನ ಅಂಚು ಹಸಿರಾಗಿತ್ತು.

ಡಿಕ್ಕಿಯಿಂದ ತಾಟು ತಂದು ಬಿಚ್ಚಿದಳು. ನಾಯಿಗಳು ನಾತಕ್ಕೆ ಮೂಗು ಎತ್ತಿದವು. ಪಟ್ಟಿಯ ಬುಡದ ಎರಡೂ ಕಿವಿಗಳು ಎರಡೂ ತೂತಿನ ಮೇಲೆ ಹೋಗಿ ಸರಿಯಾಗಿ ಕೂತವು.

ಅಪ್ಪಾಸಾಬ ಪೇಢೆಯ ಡಬ್ಬಿ ಮುಚ್ಚಿದ.

"ಇದು ನಿಮ್ಮ ಗಾಡಿ ಅಲ್ಲ," ಎಂದಳು ಅನುರಾಧಾ. "ರಬಕವಿ ಗುರುಸಿದ್ದಪ್ಪಂದು. ನಿಮ್ಮಪ್ಪ ತಮ್ಮ ಜಜ್ಜಿದ ಗಾಡಿ ಹಲ್ಲು, ನಂಬರು, ಕಾಗದಪತ್ರ ಎಲ್ಲಾ ಇದಕ್ಕ ಹಾಕ್ಯಾರ. ಅಂವ ಗಾಡಿ ತಗೊಂಡು ಓಡಿಹೋದ ಅಂತಾರ. ಗಾಡಿ ನಿಮ್ಮ ಅಂಗಳದಾಗ ಐತಿ. ಹಂಗಾರ ಅಂವ ಎಲ್ಲಿ?"

ಅವನು ಸಿಟ್ಟಾಗುತ್ತಾನೆ, ಬೆವರುತ್ತಾನೆ ಎಂದುಕೊಂಡಿದ್ದಳು. ಅವನು ಗಾಡಿಯ ಮೇಲಿನ ಧೂಳನ್ನು ಅಂಗೈಯಿಂದ ಮೆಲ್ಲಗೆ ಒರೆಸಿದ, ಮಗುವಿನ ತಲೆ ಸವರುವ ಹಾಗೆ.

"ನಿಮಗ ಏನ ಬರಿ ಅಂದಿದ್ನಿ?"

"ನಲವತ್ತೇಳು."

"ಅದನ್ನ ಬರೀರಿ. ಈ ಗಾಡ್ಯಾಗ ಊರ ಮದಿಮಕ್ಕಳು ಕುಂತು ಮೆರದಾರ. ಎಲ್ಲಾರ ಮನಿ ಗೋಡಿ ಮ್ಯಾಲ ಇದರ ಫೋಟೋ ಐತಿ. ಆ ಎಲ್ಲಾರ ಬಾಯಾಗ ಮಣ್ಣ ಹಾಕ್ತಿರೇನು?"

"ಮಣ್ಣು ನಾ ಹಾಕಿದ್ದಲ್ಲ."

ಅಪ್ಪಾಸಾಬ ನಕ್ಕ. "ಗುರುಸಿದ್ದಪ್ಪನ ಹೇಣ್ತಿ ಶಂಕ್ರೆವ್ವ ಇನ್ನೂ ಅದಾಳ. ಗಾಡಿ ಆಕೀದಾದರ ಆಕಿ ಗುರುತು ಹಿಡೀಬೇಕಲ್ಲ? ಮುಂಜಾನೆ ನಾನಽ ಗಾಡಿ ತಗೊಂಡು ಆಕಿ ಬಾಗಲಕ್ಕ ಬರ್ತೇನಿ. ಹೌದು ಅಂದ್ಲಂದ್ರ ಕೀಲಿಕೈ ಆಕಿ ಕೈಯಾಗ ಇಟ್ಟು ನಡಕೋತ ಬರ್ತೇನಿ. ಅಲ್ಲ ಅಂದ್ಲಂದ್ರ ನೀವು ಬಾಯಿ ಮುಚ್ಚಬೇಕು."

ಇಷ್ಟು ಧೈರ್ಯ ಇವನಿಗೆ ಎಲ್ಲಿಂದ? ಆಕೆಗೆ ತಿಳಿಯಲಿಲ್ಲ. ಅವನು ಮತ್ತೆ ಡಬ್ಬಿ ತೆರೆದು ಆಕೆಯತ್ತ ಚಾಚಿದ. "ಬಾಯಿ ಸಿಹಿ ಮಾಡಕೋರಿ." ಅದೇ ಬೆರಳು ಈಗಷ್ಟೇ ನಾಯಿಯ ಜೊಲ್ಲಿನಲ್ಲಿ ಅದ್ದಿದ್ದವು. ಅನುರಾಧಾ ಗ್ರಿಲ್ಲನ್ನು ತಾಟಿನಲ್ಲಿ ಸುತ್ತಿಕೊಂಡು ಹೊರಬಂದಳು. ದಾರಿಯಲ್ಲಿ ಗಾಡಿ ನಿಲ್ಲಿಸಿ ಬೇಲಿಯ ಪಕ್ಕದಲ್ಲಿ ವಾಂತಿ ಮಾಡಿಕೊಂಡಳು. ಕಾಕಂಬಿಯ ನಾತ ಅಂದುಕೊಂಡಳು. ಅದಷ್ಟೇ ಅಲ್ಲವೆಂದು ಆಕೆಗೇ ಗೊತ್ತಿತ್ತು.

ಸಂಜೆ ರಬಕವಿಯಲ್ಲಿ ಶಂಕ್ರೆವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. 'ಓಡಿಹೋದ ಸಾವಕಾರನ ಮನಿ' ಎಂದು ಕೇಳಿದರೆ ಈಗಲೂ ಬೆರಳು ತೋರಿಸುತ್ತಿದ್ದರು. ಮುಂದಿನ ಪಡಸಾಲೆಯಲ್ಲಿ ವಿದ್ಯುತ್ ಮಗ್ಗಗಳು ಕಟಕಟಿಸುತ್ತಿದ್ದವು. ನೇಕಾರರ ನಡುವೆ ನಿಂತು ಸೀರೆಯ ಅಂಚು ನೋಡುತ್ತಿದ್ದ ಮುದುಕಿ ಗಟ್ಟಿಮುಟ್ಟಾಗಿದ್ದಳು. ಗಂಡ ಹೋದಾಗ ಆಕೆಗೆ ಇಪ್ಪತ್ತೆರಡು. ಊರಿನ ಬಾಯಿಗೆ ಬಿದ್ದೂ, ಅದೇ ಊರಿನಲ್ಲಿ ತಲೆಯೆತ್ತಿ ಮಗ್ಗ ನಡೆಸಿದವಳು. ಆಕೆಯ ಮುಖ ನೋಡಿದ ಕೂಡಲೇ ಅನುರಾಧಾಳಿಗೆ ಗೌರವ ಹುಟ್ಟಿತು.

"ಆಯಿ, ನಿಮ್ಮ ಯಜಮಾನ್ರು ಯಾರ ಜೋಡೀನೂ ಓಡಿಹೋಗಿಲ್ಲ. ಗಾಡಿ ಮುಧೋಳದಾಗ ಐತಿ."

ಮುದುಕಿ ಸೀರೆಯ ಅಂಚನ್ನು ಬಿಡಲಿಲ್ಲ. ಕಣ್ಣೀರು ಬರುತ್ತದೆ, ಕೈ ನಡುಗುತ್ತದೆ ಎಂದು ಕಾದ ಅನುರಾಧಾಳಿಗೆ ಸಿಕ್ಕಿದ್ದು ಒಂದೇ ಪ್ರಶ್ನೆ.

"ಹುಡುಕು ಅಂತ ನಿನಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ಗಾಡೀನಽ ಹೇಳ್ತು."

"ಹೂಂ," ಎಂದಳು ಶಂಕ್ರೆವ್ವ. "ತರಲಿ, ನೋಡೋಣಂತ."

ಮುಂಜಾನೆ ಶೆವರ್ಲೆ ಓಣಿಯೊಳಗೆ ಬಂದಾಗ ಮಗ್ಗಗಳು ಒಂದೊಂದಾಗಿ ನಿಂತವು. ಅಪ್ಪಾಸಾಬ ತಾನೇ ನಡೆಸಿಕೊಂಡು ಬಂದಿದ್ದ. ಬಿಳಿ ಅಂಗಿ, ಹಣೆಗೆ ಕುಂಕುಮ, ಬಾನೆಟ್ಟಿನ ಮೇಲೆ ಬಾಡಿದ ಚೆಂಡುಹೂವಿನ ಹಾರ. ಜನ ಕಟ್ಟೆ ಹತ್ತಿ ನಿಂತರು. ಮೊಬೈಲುಗಳು ಎದ್ದವು.

"ನಾಟಕದಾಕಿ ಹಿಂದಿನ ಸೀಟಿನ್ಯಾಗ ಕುಂತಿದ್ಲೋ ಮುಂದೋ?" ಎಂದು ಯಾರೋ ಅಂದರು. ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ನಕ್ಕವರಲ್ಲಿ ಹೆಂಗಸರೂ ಇದ್ದರು. ಅನುರಾಧಾಳಿಗೆ ಆ ಇಡೀ ಓಣಿಯನ್ನು ಬಕೆಟ್ ಫಿನಾಯಿಲ್ ಹಾಕಿ ತೊಳೆಯಬೇಕೆನಿಸಿತು.

ಶಂಕ್ರೆವ್ವ ಸೆರಗು ಹೊದ್ದು ಹೊಸ್ತಿಲು ದಾಟಿದಳು.

ಆಕೆ ಗಾಡಿಯ ಸುತ್ತ ಒಮ್ಮೆ ನಡೆದಳು. ಹಿಂದಿನ ಎಡಬಾಗಿಲ ಹತ್ತಿರ ನಿಂತಳು. ಅದರ ಹಿಡಿ ಎಲ್ಲ ಗಾಡಿಗಳ ಹಾಗೆ ತಿರುಗುತ್ತಿರಲಿಲ್ಲ. ಹೋದ ವಾರ ಅನುರಾಧಾ ಎಷ್ಟು ಜಗ್ಗಾಡಿದರೂ ತೆರೆದಿರಲಿಲ್ಲ. ಮುದುಕಿ ಹಿಡಿಯನ್ನು ನೋಡಲೂ ಇಲ್ಲ. ಮೊಣಕಾಲಿನಿಂದ ಬಾಗಿಲನ್ನು ಒಳಗೆ ಒತ್ತಿ, ಹಿಡಿಯನ್ನು ಎತ್ತಿ ತಿರುಗಿಸಿದಳು. ಬಾಗಿಲು ತೆರೆಯಿತು.

ಇಷ್ಟು ವರ್ಷವಾದರೂ ಕೈ ಮರೆತಿರಲಿಲ್ಲ, ಮೊಣಕಾಲು ಮರೆತಿರಲಿಲ್ಲ.

ಶಂಕ್ರೆವ್ವ ಒಳಗೆ ಇಣುಕಿದಳು. ಹೊಲಿದು ಹೊಲಿದು ತೇಪೆಯಾದ ಸೀಟನ್ನು ನೋಡಿದಳು. ಬಾಗಿಲು ಮುಚ್ಚಿದಳು.

"ಇದು ನಮ್ಮ ಗಾಡಿ ಅಲ್ಲ," ಎಂದಳು, ಓಣಿಗೆಲ್ಲ ಕೇಳುವಂತೆ.

"ಆಯಿ!" ಅನುರಾಧಾ ಮುಂದೆ ಬಂದಳು. "ಸರಿಯಾಗಿ ನೋಡ್ರಿ. ಈಗ ಬಾಗಲ ಹೆಂಗ ತಗದ್ರಿ? ನಿಮ್ಮ ಗಾಡಿ ಅಲ್ಲದಿದ್ರ..."

"ಅಲ್ಲ ಅಂದ್ನೆಲ್ಲಾ ತಂಗಿ. ನಂದು ಓಡಿಹೋದ ಗಂಡ. ಅಂವ ಓಡಿಹೋಗ್ಯಾನ. ಊರಿಗೆಲ್ಲಾ ಗೊತ್ತೈತಿ, ನಿನಗೊಬ್ಬಾಕಿಗೆ ಗೊತ್ತಿಲ್ಲ."

ಅಪ್ಪಾಸಾಬ ಕೈ ಮುಗಿದ. ಆಕೆಯ ಕಾಲು ಮುಟ್ಟಲು ಬಾಗಿದ. ಶಂಕ್ರೆವ್ವ ಥಟ್ಟನೆ ಕಾಲು ಹಿಂದೆ ಎಳೆದುಕೊಂಡಳು, ಹುಳ ಕಂಡವಳ ಹಾಗೆ. ಅದನ್ನು ಜನ ನೋಡಲಿಲ್ಲ. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಹಳೇ ಕಥೆಗೆ ಹೊಸ ಬಾಲ ಹಚ್ಚುತ್ತ ಮಂದಿ ಚದುರಿದರು. ಗಾಡಿ ಹೊಗೆ ಕಾರುತ್ತ ಓಣಿಯ ತಿರುವಿನಲ್ಲಿ ಮರೆಯಾಯಿತು.

ಅನುರಾಧಾ ಬಿಡಲಿಲ್ಲ. ಮುದುಕಿಯ ಬೆನ್ನಿಗೇ ಒಳಗೆ ನಡೆದಳು. ಮಗ್ಗಗಳು ಮತ್ತೆ ಶುರುವಾಗಿದ್ದವು. ಪಡಸಾಲೆ ದಾಟಿ, ನಡುಮನೆ ದಾಟಿ ಹಿತ್ತಲಿನ ಬಚ್ಚಲಿಗೆ ಹೋದರೆ ಶಂಕ್ರೆವ್ವ ಕೈ ತೊಳೆಯುತ್ತ ಕೂತಿದ್ದಳು. ಬಾಗಿಲ ಹಿಡಿ ಮುಟ್ಟಿದ ಕೈ. ಬಟ್ಟೆಸಾಬೂನು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ, ನೀರು ಸುರಿದು, ಮತ್ತೆ ಸಾಬೂನು. ಬೆರಳ ಸಂದಿ ಕೆಂಪಗಾಗಿತ್ತು.

"ಯಾಕ ಸುಳ್ಳ ಹೇಳಿದ್ರಿ?" ಅನುರಾಧಾ ಬಚ್ಚಲ ಬಾಗಿಲಲ್ಲೇ ನಿಂತಳು. "ಐವತ್ತು ವರ್ಷ ಈ ಮಂದಿ ನಿಮ್ಮ ಮ್ಯಾಲ ಉಗುಳ್ಯಾರ. ಇವತ್ತು ಅವರ ಬಾಯಿ ಮುಚ್ಚಸಬಹುದಿತ್ತು. ಅಪ್ಪಾಸಾಬ ಹೆದರಿಸಿದ್ನೇನು?"

"ಅವನ್ಯಾಕ ಹೆದರಸ್ತಾನ? ಅವನಽ ಹೆದರಕೊಂಡು ಬಂದಿದ್ದ. ನೀ ನೋಡಲಿಲ್ಲ?"

"ಮತ್ತ ಯಾಕ?"

ಶಂಕ್ರೆವ್ವ ತಿಕ್ಕುವುದನ್ನು ನಿಲ್ಲಿಸಿದಳು. ಮೊದಲ ಸಲ ಅನುರಾಧಾಳ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ದುಃಖವಿರಲಿಲ್ಲ, ಭಯವಿರಲಿಲ್ಲ. ಆಕೆಯ ತುಟಿ ಸೊಟ್ಟಗಾಗಿತ್ತು, ಹಳಸಿದ್ದೇನನ್ನೋ ಬಾಯಲ್ಲಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಕೂತವರ ಹಾಗೆ.

"ಮಂದಿ ನನಗ ಉಗುಳಿದ್ರು ಅಂತೀ. ಉಗುಳಲಿ. ಅಂವ ಓಡಿಹೋದ ಅಂತ ಅವರು ನಂಬಿದ್ದಕ್ಕ ನಾ ಬದಕೇನಿ." ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹಿರೇ ದೇಸಾಯಿ ಗಾಡಿ ಒಂದಽ ಒಯ್ದ ತಂಗಿ. ನಾನಽ ಒಯ್ಯಿ ಅಂದಿದ್ನಿ."

ನಿನ್ನೆಯಿಂದ ಯಾರ ಸಲುವಾಗಿ ಅನುರಾಧಾಳ ಹೊಟ್ಟೆ ಉರಿಯುತ್ತಿತ್ತೋ ಆ ಮುಖ ಈಗ ಎದುರಿಗಿತ್ತು. ಅದರ ಕಡೆ ನೋಡಲಾಗಲಿಲ್ಲ.

"ಅವರು ಎಲ್ಲಿ ಹೋದ್ರು?" ಎಂದಳು, ತನಗೇ ಕೇಳಿಸದ ದನಿಯಲ್ಲಿ.

"ಎಲ್ಲೂ ಹೋಗಿಲ್ಲ," ಎಂದಳು ಶಂಕ್ರೆವ್ವ. "ಮನ್ಯಾಗಽ ಅದಾನ, ನೆಲದ ಕೆಳಗ. ನೀ ಒಳಗ ಬರೂ ಮುಂದ ಅವನ್ನ ದಾಟಿ ಬಂದಿ."